ನಾಯಿಗೊಂದು ಜಡೆ

ಕಳೆದ ಬೇಸಿಗೆಯ ಒಂದು ಶನಿವಾರ. ಶಹಾಬಾದಿನಲ್ಲಿ ಬೆಳಗಿನ ಒಂಬತ್ತಕ್ಕೇ ಅಂಗಳದ ಕಲ್ಲುಹಾಸು ಕಾದು, ಬರಿಗಾಲಲ್ಲಿ ಇಳಿಯುವಂತಿರಲಿಲ್ಲ. ಪಕ್ಕದ ಮನೆಯಿಂದ ಮೊದಲು ನಾಯಿ ಕುಂಯ್‌ಗುಟ್ಟಿದ ಸದ್ದು ಬಂತು. ಅದರ ಹಿಂದೆಯೇ ಹುಡುಗಿಯ ಚೀರಾಟ. ಅದರ ಹಿಂದೆ ಅವಳ ಅಪ್ಪನ ಗದರಿಕೆ.

“ಸಾಕಾತು ಇದರ ಸಂಗ. ಇವತ್ತೇ ಒಯ್ದು ವಾಡಿ ಜಂಕ್ಷನ್‌ನಾಗ ಬಿಟ್ಟು ಬರ್ತೀನಿ. ಯಾವ ಗಾಡಿ ಹತ್ತತದೋ ಹತ್ತಲಿ!”

ಅಷ್ಟರಲ್ಲಿ ಹುಡುಗಿಯ ತಾಯಿ ಕಾಂಪೌಂಡಿನ ಆಚೆಯಿಂದ ಕೂಗಿದರು: “ಅಣ್ಣಾ, ಜರಾ ಬರ್ರಿ. ನಾಯಿ ಹುಡುಗಿ ಕೈ ಕಚ್ಚ್ಯದ.”

ಹೋಗಿ ನೋಡಿದರೆ, ಒಂಬತ್ತನೇ ತರಗತಿ ಮುಗಿಸಿದ್ದ ಹುಡುಗಿ ಎಡಗೈ ಹಿಡಿದುಕೊಂಡು ಅಳುತ್ತಿದ್ದಳು. ಬೆರಳಿನ ಬುಡದಲ್ಲಿ ಎರಡು ಹಲ್ಲಿನ ಗುರುತು, ಒಂದಿಷ್ಟು ರಕ್ತ. ನಾಯಿ ಮಂಚದ ಕೆಳಗೆ ಮೂಲೆ ಸೇರಿತ್ತು. ಅದು ಉದ್ದ ಕೂದಲಿನ ಪುಟ್ಟ ಶಿ ತ್ಸು. ಹೋದ ವರ್ಷ ಹುಡುಗಿಯ ಹುಟ್ಟುಹಬ್ಬಕ್ಕೆಂದು ಸೋದರಮಾವ ಹೈದರಾಬಾದಿನಿಂದ ತಂದುಕೊಟ್ಟದ್ದು. ಹೆಸರು ರಾಣಿ. ಆ ಹೊತ್ತಿನಲ್ಲಿ ರಾಣಿಯ ತಲೆಯ ಮೇಲೆ ಒಂದು ಜುಟ್ಟು, ಎರಡೂ ಕಿವಿಗೆ ಒಂದೊಂದು ಜಡೆ, ಜಡೆಗೆ ಕೆಂಪು ರಿಬ್ಬನ್, ತುದಿಗೆ ಮಣಿ. ಮೂರು ದಿನದ ಹಿಂದೆ ಸೇಡಂನಲ್ಲಿ ಆದ ಮದುವೆಗಾಗಿ ಹುಡುಗಿ ಮೊಬೈಲಿನಲ್ಲಿ ನೋಡಿ ನೋಡಿ ತಾನೇ ಹೆಣೆದದ್ದಂತೆ. ಮದುವೆ ಮನೆಯಲ್ಲಿ ವಧುವಿಗಿಂತ ಹೆಚ್ಚು ಫೋಟೋ ತೆಗೆಸಿಕೊಂಡದ್ದು ರಾಣಿಯೇ. ಬಂದ ಮೇಲೆ ಜಡೆ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಈ ದಿನ ಬಿಚ್ಚಲು ಕೈ ಹಾಕಿದಾಗ ಕಚ್ಚಿತು.

ಮೊದಲ ಕೆಲಸ ಕೈ ತೊಳೆಯುವುದು. ಅರಿಶಿನ ತುಂಬಲು ಅಜ್ಜಿ ಸಿದ್ಧರಾಗಿದ್ದರು, ಬೇಡವೆಂದೆ. ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಕಾರದಪುಡಿ, ಅರಿಶಿನ ಯಾವುದನ್ನೂ ಹಚ್ಚಬಾರದು. ಆಮೇಲೆ ನೇರವಾಗಿ ಸರ್ಕಾರಿ ಆಸ್ಪತ್ರೆ. ಮನೆಯದೇ ನಾಯಿ, ಅದಕ್ಕೇನಾಗಿದೆ ಎಂದು ಕೂಡುವುದು ತಪ್ಪು. ಹುಚ್ಚುನಾಯಿ ರೋಗದ ಲಕ್ಷಣ ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಲಸಿಕೆಯನ್ನು ಸಮಯಕ್ಕೆ ಪಡೆದರೆ ಅದು ಬರುವುದೇ ಇಲ್ಲ. ಮೊದಲ ಸೂಜಿಯ ದಿನವನ್ನು ಸೊನ್ನೆ ಎಂದು ಎಣಿಸಿ, ಚರ್ಮದೊಳಗೆ ಕೊಡುವುದಾದರೆ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಒಂದು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣೆದುರೇ ಇಟ್ಟುಕೊಂಡು ನೋಡಬೇಕು. ವಾಡಿ ಜಂಕ್ಷನ್ನಿನಲ್ಲಿ ಬಿಟ್ಟು ಬಂದರೆ ನೋಡುವುದೆಲ್ಲಿ? ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಇದನ್ನು ಹೇಳಿದ ಮೇಲೆ ಹುಡುಗಿಯ ಅಪ್ಪ ಸ್ವಲ್ಪ ತಣ್ಣಗಾದರು.

ಹುಡುಗಿ ತಾಯಿಯ ಜೊತೆ ಒಂದು ಆಸ್ಪತ್ರೆಗೆ, ಟವೆಲ್ಲಿನಲ್ಲಿ ಸುತ್ತಿದ ರಾಣಿ ನಮ್ಮಿಬ್ಬರ ಜೊತೆ ಇನ್ನೊಂದು ಆಸ್ಪತ್ರೆಗೆ. ಪಶುವೈದ್ಯರು ಮೊದಲು ನಾಯಿಯ ಕಣ್ಣು ನೋಡಿದರು, ಆಮೇಲೆ ಮೆಲ್ಲಗೆ ಎಡಗಿವಿಯ ಜಡೆಯನ್ನು ಬುಡದಿಂದ ಸವರಿದರು. ನಾಯಿ ಮೈ ಬಿಗಿಹಿಡಿಯಿತು. “ಸಿಕ್ತು ನೋಡ್ರಿ” ಎಂದರು. ಕೂದಲಿನ ಅಡಿ ಸಣ್ಣದೊಂದು ರಬ್ಬರ್ ಬ್ಯಾಂಡ್. ಅದು ಕೂದಲನ್ನಷ್ಟೇ ಅಲ್ಲ, ಕಿವಿಯ ಅಂಚಿನ ಚರ್ಮವನ್ನೂ ಸೇರಿಸಿ ಬಿಗಿದಿತ್ತು. ಮೂರು ದಿನದಿಂದ ರಕ್ತ ಓಡದೆ ಆ ಅಂಚು ಊದಿಕೊಂಡು, ತುದಿ ಕಪ್ಪಗಾಗಿತ್ತು. ಮೊಂಡು ತುದಿಯ ಕತ್ತರಿಯನ್ನು ಬ್ಯಾಂಡಿನ ಅಡಿ ತೂರಿಸಿ ಕತ್ತರಿಸಿದರು. ಎಳೆದು ತೆಗೆಯಲಿಲ್ಲ, ಹಾಗೆ ಎಳೆಯಲೂಬಾರದು. “ಇನ್ನೆರಡು ದಿನ ಬಿಟ್ಟಿದ್ರ ಅರ್ಧ ಕಿವಿ ಹೋಗತಿತ್ತು. ಇದು ಕಚ್ಚಿದ್ದಲ್ಲ ಸರ್, ಬ್ಯಾನಿ ಹೇಳಿಕೊಂಡದ್ದು.”

ಅಪ್ಪ ಮಾತಾಡಲಿಲ್ಲ. ಬರುವಾಗ ದಾರಿಯಲ್ಲಿ ಟವೆಲ್ಲಿನ ಗಂಟನ್ನು ಅವರೇ ಎತ್ತಿಕೊಂಡರು.

ನಾಯಿಗೆ ಜಡೆ ಹಾಕುವುದೇ ಹುಚ್ಚು ಎಂದು ಈಗ ಕೆಲವರು ಹೇಳಬಹುದು. ನಾನು ಹಾಗೆ ಹೇಳಲಾರೆ. ಉದ್ದ ಕೂದಲಿನ ನಾಯಿಯ ಹಣೆಯ ಕೂದಲು ಕಣ್ಣಿಗೆ ಬೀಳುತ್ತದೆ, ಗಡ್ಡ ಅನ್ನದ ತಟ್ಟೆಯಲ್ಲಿ ಅದ್ದುತ್ತದೆ, ಕಿವಿಯ ಕೂದಲು ನೀರಿನ ಬಟ್ಟಲಿಗೆ ಇಳಿಯುತ್ತದೆ. ಕಟ್ಟಿದರೆ ಅದಕ್ಕೇ ಅನುಕೂಲ. ಜಡೆ ತಪ್ಪಲ್ಲ. ಆದರೆ ಜಡೆ ಹಾಕುವವರಿಗೆ ತಾವು ಹಿಡಿದಿರುವುದು ಎಂಥ ಕೂದಲು, ಎಂಥ ಚರ್ಮ ಎನ್ನುವುದು ಗೊತ್ತಿರಬೇಕು. ನಮ್ಮ ತಲೆಗೂ ನಾಯಿಯ ಮೈಗೂ ವ್ಯತ್ಯಾಸ ಬಹಳ.

ನಮ್ಮ ತಲೆಯಲ್ಲಿ ಕೂದಲಿನ ಎಳೆ ಎಳೆಗೂ ಅದರದೇ ಗೂಡು. ನಾಯಿಯಲ್ಲಿ ಒಂದೇ ರಂಧ್ರದಿಂದ ಒಂದು ದಪ್ಪ ಎಳೆ, ಅದರ ಸುತ್ತ ಹಲವು ಸಣ್ಣ ಎಳೆಗಳು ಗುಂಪಾಗಿ ಹೊರಡುತ್ತವೆ. ಒಂದನ್ನೆಳೆದರೆ ಹತ್ತು ಜಗ್ಗುತ್ತವೆ. ಚರ್ಮದ ಮೇಲ್ಪದರವೂ ನಮ್ಮದಕ್ಕಿಂತ ತೆಳು, ಆಮ್ಲದ ಗುಣವೂ ಕಡಿಮೆ. ನಮ್ಮ ಶಾಂಪೂ ಅದಕ್ಕೆ ಹೊಂದದಿರುವುದು ಇದೇ ಕಾರಣಕ್ಕೆ. ಇನ್ನು ಕೂದಲು ಬೆಳೆಯುವ ಬಗೆ. ಶಿ ತ್ಸು, ಲಾಸಾ ಆಪ್ಸೊ, ಪೂಡಲ್, ಯಾರ್ಕ್‌ಷೈರ್ ಟೆರಿಯರ್‌ಗಳ ಕೂದಲು ನಮ್ಮದರಂತೆ ಬಹುಕಾಲ ಬೆಳೆಯುತ್ತಲೇ ಇರುತ್ತದೆ. ಇವುಗಳಿಗೆ ಜಡೆ ಹಾಕಬಹುದು. ನಮ್ಮೂರುಗಳಲ್ಲಿ ಹೆಚ್ಚಾಗಿ ಕಾಣುವ ಪೊಮೆರೇನಿಯನ್ನಿನದು ಬೇರೆ ಜಾತಿಯ ಕೂದಲು. ಮೇಲೊಂದು ಒರಟು ಪದರ, ಒಳಗೆ ಹತ್ತಿಯಂತಹ ಇನ್ನೊಂದು ಪದರ. ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ, ಉದುರುತ್ತದೆ, ಮತ್ತೆ ಬರುತ್ತದೆ. ಇದಕ್ಕೆ ಜಡೆ ನಿಲ್ಲುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಈ ಉದ್ದ, ಗಿಡ್ಡ, ಗುಂಗುರು ಎಂಬ ಭೇದಗಳ ಹಿಂದಿನ ಗುಟ್ಟು ಬಯಲಾದದ್ದು 2009ರಲ್ಲಿ. ‘ಸೈನ್ಸ್’ ಪತ್ರಿಕೆಯಲ್ಲಿ ಆ ವರ್ಷ ಪ್ರಕಟವಾದ ಒಂದು ಸಂಶೋಧನೆ, ತಳಿನಾಯಿಗಳ ಕೂದಲಿನ ವೈವಿಧ್ಯದಲ್ಲಿ ಬಹುಪಾಲನ್ನು ಮೂರೇ ಮೂರು ವಂಶವಾಹಿಗಳ ಮೂಲಕ ವಿವರಿಸಬಹುದೆಂದು ತೋರಿಸಿತು. ಉದ್ದಕ್ಕೆ ಒಂದು, ಗುಂಗುರಿಗೆ ಒಂದು, ಮೀಸೆ-ಹುಬ್ಬಿನ ಒರಟು ಕೂದಲಿಗೆ ಒಂದು. ಉದ್ದ ಕೂದಲಿನ ಗುಣ ಅಪ್ರಬಲವಾದದ್ದು. ಹತ್ತನೇ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡ ಓದಿದವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣಿಸಿಕೊಳ್ಳುವ ಗುಣ ಅದು. ಇಬ್ಬರೂ ಗಿಡ್ಡ ಕೂದಲಿನವರಾದ ತಾಯಿ ತಂದೆಗೆ ಒಮ್ಮೊಮ್ಮೆ ಉದ್ದ ಕೂದಲಿನ ಮರಿ ಹುಟ್ಟುವುದು ಹೀಗೆ.

ಉದ್ದ ಕೂದಲಿನ ನಾಯಿ ಎಂದರೆ ಪರದೇಶದ್ದೇ ಎಂದುಕೊಳ್ಳಬೇಕಾಗಿಲ್ಲ. ದಖ್ಖನಿನ ಬೇಟೆನಾಯಿಗಳಲ್ಲಿ ನುಣುಪು ಮೈಯ ಕಾರವಾನಿ ಎಲ್ಲರಿಗೂ ಗೊತ್ತು. ಮುಧೋಳದ ನಾಯಿ ಎಂದು ಹೆಸರಾಗಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅದರ ಜೊತೆಗೇ ಪಶ್ಮಿ ಎಂಬುದೊಂದಿದೆ. ಕಿವಿ, ಬಾಲ, ಕಾಲಿನ ಹಿಂಬದಿಯಲ್ಲಿ ರೇಷ್ಮೆಯಂಥ ಕೂದಲು ಇಳಿಬಿದ್ದಿರುತ್ತದೆ. ಪಶ್ಮ ಎಂದರೆ ಪಾರಸಿಯಲ್ಲಿ ಉಣ್ಣೆ. ಪಶ್ಮೀನಾ ಶಾಲಿನಲ್ಲಿರುವುದೂ ಅದೇ ಮಾತು. ಪಶ್ಚಿಮ ಏಷ್ಯಾದ ಕಡೆಯಿಂದ ಬಂದ ಸೈನ್ಯಗಳ, ವ್ಯಾಪಾರಿಗಳ ಜೊತೆ ಈ ನಾಯಿಗಳ ಹಿರೀಕರು ಬಂದಿರಬೇಕೆಂದು ಬಲ್ಲವರ ನಂಬಿಕೆ. ಕಾರವಾನ್ ಎಂದರೆ ಸಾಲುಗಟ್ಟಿ ಹೋಗುವ ವ್ಯಾಪಾರದ ತಂಡ. ಸಾಲುಗಟ್ಟಿ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನಿನ ದಾರಿಗಳನ್ನು ತುಳಿದವರು ಬಂಜಾರರು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿತು. ಇಂಥ ರೈಲುಗಳೇ ಎತ್ತಿನ ಸಾಲುಗಳ ಹೊಟ್ಟೆಯ ಮೇಲೆ ಹೊಡೆದವು. ಅವರ ತಾಂಡಾಗಳು ಇಂದು ಚಿಂಚೋಳಿ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ತುಂಬ ಇವೆ.

ಜಡೆಯ ಮಾತು ಬಂದಾಗ ತಾಂಡಾದ ಹಿರಿಯ ಹೆಂಗಸರನ್ನು ಮರೆಯುವಂತಿಲ್ಲ. ಕೆನ್ನೆಯ ಎರಡೂ ಬದಿಗೆ ಇಳಿಬಿಟ್ಟ ಸಣ್ಣ ಜಡೆಗಳಿಗೆ ಘುಗ್ಗರಿ, ಟೋಪ್ಲಿ ಎಂಬ ಬೆಳ್ಳಿಯ ಒಡವೆ ಸೇರಿಸಿ ಹೆಣೆಯುವ ಅವರ ಕೈಚಳಕ ಯಾವ ಬ್ಯೂಟಿ ಪಾರ್ಲರಿಗೂ ಸುಲಭವಲ್ಲ. ಆದರೆ ಅವರೂ ನಾಯಿಗೆ ಜಡೆ ಹಾಕಿದ್ದನ್ನು ನಾನು ಕಂಡಿಲ್ಲ. ನಮ್ಮ ಭಾಗದಲ್ಲಿ ಸಿಂಗಾರಗೊಳ್ಳುವ ಪ್ರಾಣಿ ಎಂದರೆ ಎತ್ತು. ಕಾರ ಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೊಂಬು ಹೆರೆದು ಬಣ್ಣ ಬಳಿದು, ಕೊಂಬಿಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ. ಅದನ್ನು ಸರಿಯಾಗಿ ಗಮನಿಸಿದರೆ ಒಂದು ವಿಷಯ ಕಾಣುತ್ತದೆ. ಗೊಂಡೆಯ ಭಾರ ಬೀಳುವುದು ಕೊಂಬಿನ ಮೇಲೆ, ಸರದ ಭಾರ ಕೊರಳಿನ ಮೇಲೆ. ಕೂದಲಿನಿಂದ, ಚರ್ಮದಿಂದ ಏನೂ ಜೋತುಬೀಳುವುದಿಲ್ಲ. ಕರಿ ಹರಿದು ಮನೆಗೆ ಬಂದ ಮೇಲೆ ಎಲ್ಲವನ್ನೂ ಬಿಚ್ಚಿ ಗೂಟಕ್ಕೆ ತೂಗುಹಾಕಿ, ಎತ್ತಿಗೆ ಬರಿಮೈಯಲ್ಲಿ ಮೇವು. ನಮ್ಮ ರಾಣಿಯ ಗತಿ ಇದಕ್ಕೆ ತಿರುಗಾಮುರುಗಾ. ಗಾಜಿನ ಮಣಿಗಳ ತೂಕವೆಲ್ಲ ಕಿವಿಯ ನಾಲ್ಕು ಕೂದಲಿನ ಮೇಲೆ, ಅದೂ ಮೂರು ದಿನ.

ನಾಯಿಯ ಕೂದಲು ಕಟ್ಟುವ ವಿದ್ಯೆ ಬೆಳೆದದ್ದು ಪ್ರದರ್ಶನಗಳಲ್ಲಿ. ಇಂಗ್ಲೆಂಡಿನ ಪ್ರಸಿದ್ಧ ಕ್ರಫ್ಟ್ಸ್ ಪ್ರದರ್ಶನ ಆರಂಭವಾದದ್ದು 1891ರಲ್ಲಿ. ಅಲ್ಲಿ ಮಿಂಚುವ ಯಾರ್ಕ್‌ಷೈರ್ ಟೆರಿಯರ್ ಮೂಲದಲ್ಲಿ ಗಿರಣಿ ಕೆಲಸಗಾರರ ಮನೆಯ, ಇಲಿ ಹಿಡಿಯುವ ನಾಯಿ. ಈಗ ಅದರ ಕೂದಲು ನೆಲ ಮುಟ್ಟುತ್ತದೆ. ಹಾಗೆ ಬೆಳೆಸಲು ಅದನ್ನು ಸಣ್ಣ ಸಣ್ಣ ಕುಚ್ಚುಗಳಾಗಿ ಬೇರ್ಪಡಿಸಿ, ಒಂದೊಂದನ್ನೂ ಮೃದುವಾದ ಕಾಗದದಲ್ಲಿ ಪೊಟ್ಟಣದಂತೆ ಮಡಚಿ ಕಟ್ಟುತ್ತಾರೆ. ಒಂದೆರಡು ದಿನಕ್ಕೊಮ್ಮೆ ಬಿಚ್ಚಿ, ಬಾಚಿ, ಜಾಗ ಬದಲಿಸಿ ಮತ್ತೆ ಕಟ್ಟುತ್ತಾರೆ. ಶಿ ತ್ಸುವಿನ ನೆತ್ತಿಯ ಜುಟ್ಟು ಇನ್ನೊಂದು ಕಲೆ. ಹಂಗೇರಿಯ ಪುಲಿ ಎಂಬ ಕುರಿಕಾಯುವ ನಾಯಿಯದಂತೂ ವಿಚಿತ್ರ. ಅದರ ಕೂದಲು ತಾನಾಗಿಯೇ ಹುರಿಗಟ್ಟಿ ಹಗ್ಗದಂತೆ ಇಳಿಬೀಳುತ್ತದೆ. ಒಡೆಯ ಮಾಡಬೇಕಾದದ್ದು ಆ ಹುರಿಗಳು ಒಂದಕ್ಕೊಂದು ಅಂಟದಂತೆ ಕೈಯಿಂದ ಬಿಡಿಸುತ್ತ ಇರುವುದು. ಇದಕ್ಕೆಲ್ಲ ದಿನವೂ ಸಮಯ ಬೇಕು. ಫೋಟೋದಲ್ಲಿ ಜಡೆ ಕಾಣುತ್ತದೆ, ಆ ಸಮಯ ಕಾಣುವುದಿಲ್ಲ.

ಜಡೆಗಿಂತ ಮೊದಲು ಗಂಟು. ರಾಣಿಯ ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕೂದಲು ಚಕ್ಕೆಗಟ್ಟಿತ್ತು. ಇದು ಹೇಗಾಗುತ್ತದೆ? ಕೂದಲಿನ ಮೇಲ್ಮೈ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಮಾಳಿಗೆಯ ಹಂಚಿನಂತೆ ಒಂದರ ಮೇಲೊಂದು ಕೂತ ಪೊರೆಗಳು. ಒದ್ದೆಯಾದಾಗ ಹಂಚುಗಳು ತುಸು ಏಳುತ್ತವೆ. ಉಜ್ಜಿದರೆ ಒಂದು ಎಳೆಯ ಹಂಚು ಇನ್ನೊಂದರ ಹಂಚಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬಿಡುವುದಿಲ್ಲ. ಕುರಿಯ ಉಣ್ಣೆಯನ್ನು ಬಿಸಿನೀರು ಹಾಕಿ ಉಜ್ಜಿ ಉಜ್ಜಿ ದಟ್ಟ ಹಾಸು ಮಾಡುವುದು ಇದೇ ಗುಣದಿಂದ. ಹೊಸ ಕಂಬಳಿಯನ್ನು ನೀರಿನಲ್ಲಿ ತುಳಿದರೆ ಬಿಗಿಯಾಗುವುದೂ ಇದರಿಂದಲೇ. ಆದ್ದರಿಂದ ಗಂಟು ಇರುವ ನಾಯಿಗೆ ಮೊದಲು ಸ್ನಾನ ಮಾಡಿಸುವುದೆಂದರೆ ಅದರ ಮೈಮೇಲೆ ಕಂಬಳಿ ತಯಾರಿಸಿದಂತೆ. ಮೊದಲು ಬಿಡಿಸಬೇಕು, ಆಮೇಲೆ ತೊಳೆಯಬೇಕು. ಬಹುಪಾಲು ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ.

ಬಿಡಿಸುವುದಕ್ಕೆ ಬೇಕಾದದ್ದು ಒಂದು ಕಡೆ ವಿರಳ, ಇನ್ನೊಂದು ಕಡೆ ದಟ್ಟ ಹಲ್ಲಿರುವ ಸ್ಟೀಲಿನ ಹಣಿಗಿ ಮತ್ತು ತಾಳ್ಮೆ. ಗಂಟಿನ ಬುಡವನ್ನು ಎಡಗೈಯ ಎರಡು ಬೆರಳಲ್ಲಿ ಒತ್ತಿ ಹಿಡಿದರೆ ಎಳೆತ ನಿಮ್ಮ ಬೆರಳಿಗೆ ಬೀಳುತ್ತದೆ, ಚರ್ಮಕ್ಕಲ್ಲ. ತುದಿಯಿಂದ ಶುರು ಮಾಡಿ, ಬಿಟ್ಟಷ್ಟು ಬಿಟ್ಟ ಮೇಲೆ ಸ್ವಲ್ಪ ಮೇಲೆ. ನಮ್ಮ ಅವ್ವಂದಿರು ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದ ಕ್ರಮವೇ. ಎಣ್ಣೆ ಮಾತ್ರ ಬೇಡ. ನಾಯಿ ನೆಕ್ಕುತ್ತದೆ. ಅಲ್ಲದೆ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ನಮ್ಮ ಊರುಗಳಲ್ಲಿ ಎಣ್ಣೆ ಹಚ್ಚಿದ ಕೂದಲು ಸಂಜೆಯೊಳಗೆ ಧೂಳಿನ ಗಟ್ಟಿಯಾಗುತ್ತದೆ. ಬಿಡದ ಗಂಟನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಲು ಹೋಗಬೇಡಿ. ಗಂಟು ಎತ್ತಿದರೆ ತೆಳು ಚರ್ಮವೂ ಡೇರೆಯಂತೆ ಮೇಲೆದ್ದು ಕತ್ತರಿಗೆ ಸಿಗುತ್ತದೆ. ಪಶುವೈದ್ಯರ ಬಳಿ ಮೆಷಿನ್ನಿನಿಂದ ತೆಗೆಸುವುದು ಕ್ಷೇಮ.

ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ನೋಡಿಬಿಡಬೇಕು. ಉಣ್ಣಿಯಿಂದ ನಾಯಿಗೆ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ. ಚಿಂಚೋಳಿಯ ಕಾಡಂಚಿನ ಕಡೆಯವರು ಉತ್ತರಾಣಿ ಬೀಜ, ಹುಲ್ಲಿನ ಮುಳ್ಳುಗಳನ್ನೂ ಹುಡುಕಬೇಕು. ಕಾಲ್ಬೆರಳ ಸಂದಿಯಲ್ಲಿ ಸೇರಿದ ಮುಳ್ಳು ಒಳಗೊಳಗೇ ನಡೆದು ಕೀವು ಮಾಡುತ್ತದೆ.

ಇನ್ನು ಹೆಣಿಗೆ. ಪುಂಡಿ ನಾರಿನಿಂದ ಹಗ್ಗ ಹೊಸೆಯುವುದನ್ನು ಕಂಡವರಿಗೆ ಗೊತ್ತು, ಎರಡೆಳೆಯ ಹುರಿ ತುದಿ ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ. ಮೂರೆಳೆಯ ಜಡೆ ಹಾಗಲ್ಲ, ಒಂದೆಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಎಡದ್ದು ನಡುವಿಗೆ, ಬಲದ್ದು ನಡುವಿಗೆ. ಗಣಿತದಲ್ಲಿ ಆಸಕ್ತಿ ಇರುವವರು ಒಂದು ಪ್ರಯೋಗ ಮಾಡಿ ನೋಡಿ. ಕೆಂಪು, ಹಳದಿ, ಹಸಿರು ದಾರ ತೆಗೆದುಕೊಂಡು ಜಡೆ ಹೆಣೆದರೆ ಸರಿಯಾಗಿ ಆರನೆಯ ದಾಟಿಗೆ ಮೂರೂ ಬಣ್ಣ ಮೊದಲಿದ್ದ ಜಾಗಕ್ಕೇ ಬಂದಿರುತ್ತವೆ. ಜಡೆಗಳ ಈ ಲೆಕ್ಕವನ್ನೇ ಹಿಡಿದು ಎಮಿಲ್ ಆರ್ಟಿನ್ ಎಂಬ ಗಣಿತಜ್ಞ 1925ರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದ. ಅದು ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುತ್ತಿದೆ. ಜಡೆ ಹಾಕುವಾಗ ಹುಡುಗಿಯರ ಬೆರಳು ಈ ಲೆಕ್ಕವನ್ನು ಎಂದಿನಿಂದಲೋ ಮಾಡುತ್ತಿವೆ. ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಅಂಕವಿಲ್ಲ.

ನಾಯಿಗೆ ಒಗ್ಗುವುದು ಈ ಸರಳ ಮೂರೆಳೆಯೇ. ಬೆನ್ನಿನ ಉದ್ದಕ್ಕೂ ಎರಡು ಬದಿಯಿಂದ ಸ್ವಲ್ಪ ಸ್ವಲ್ಪವೇ ಕೂದಲು ಸೇರಿಸಿಕೊಂಡು ಹೋಗುವ ಫ್ರೆಂಚ್ ಜಡೆ, ಎರಡು ಕುಚ್ಚುಗಳ ನಡುವೆ ತೆಳುವಾದ ಎಳೆಗಳನ್ನು ಅದಲುಬದಲು ಮಾಡುವ ಮೀನುಬಾಲದ ಜಡೆ ಇವೆಲ್ಲ ಚಿತ್ರದಲ್ಲಿ ಚೆಂದ. ಆದರೆ ಅಷ್ಟು ಹೊತ್ತು ನಾಯಿ ನಿಲ್ಲಬೇಕಲ್ಲ? ಕೂದಲು ಯಾವ ಕಡೆಗೆ ಮಲಗುತ್ತದೋ ಅದೇ ದಿಕ್ಕಿಗೆ ಜಡೆ ಇಳಿಯಬೇಕು, ಎದುರು ಎಳೆದರೆ ಬುಡ ನೋಯುತ್ತದೆ. ಬುಡದಲ್ಲಿ ಸಡಿಲವಾಗಿ ಆರಂಭಿಸಬೇಕು. ಹೆಣೆದ ಮೇಲೆ ಚರ್ಮ ಗುಡ್ಡದಂತೆ ಎದ್ದಿದ್ದರೆ ಬಿಗಿಯಾಗಿದೆ ಎಂದೇ ಅರ್ಥ. ನೆತ್ತಿಯ ಜುಟ್ಟು ಕಟ್ಟಿದ ಮೇಲೆ ನಾಯಿ ಕಣ್ಣನ್ನು ಪೂರ್ತಿ ಮುಚ್ಚಲು ಆಗುತ್ತದೆಯೇ ಎಂದು ನೋಡಬೇಕು. ದಿನವೂ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದ ಪುಟ್ಟ ನಾಯಿಗಳ ನೆತ್ತಿಯಲ್ಲಿ ಕೂದಲು ಉದುರಿ ಮತ್ತೆ ಬಾರದಂತೆ ಬೋಳಾಗುವುದುಂಟು. ಚರ್ಮರೋಗದ ಪುಸ್ತಕಗಳಲ್ಲಿ ದಾಖಲಾಗಿರುವ ಸಂಗತಿ ಇದು. ಕಿವಿಗೆ ಜಡೆ ಹಾಕುವಾಗ ಕಿವಿಯ ಅಂಚು ಎಲ್ಲಿ ಮುಗಿಯುತ್ತದೆಂದು ಬೆರಳಿನಿಂದ ಮುಟ್ಟಿ ತಿಳಿದು, ಅದರ ಕೆಳಗಿನಿಂದ ಮಾತ್ರ ಹೆಣೆಯಬೇಕು. ಅಂಚಿಗೂ ಕಟ್ಟಿಗೂ ನಡುವೆ ಹಣಿಗಿಯ ಹಲ್ಲು ಸಲೀಸಾಗಿ ದಾಟಬೇಕು. ರಾಣಿಗೆ ಆದದ್ದು ಇಲ್ಲಿ ತಪ್ಪಿದ್ದರಿಂದ. ಮೀಸೆಯ ಗಟ್ಟಿ ಕೂದಲನ್ನು ಮುಟ್ಟಲೇಬಾರದು, ಅವು ನಾಯಿಗೆ ಸ್ಪರ್ಶದ ಕಡ್ಡಿಗಳು.

ಕಟ್ಟುವುದಕ್ಕೆ ತರಕಾರಿ ಪೊಟ್ಟಣದ ರಬ್ಬರ್ ಬ್ಯಾಂಡ್ ಬೇಡ, ಮೆತ್ತನೆ ಬಟ್ಟೆಯ ಪಟ್ಟಿ ಸಾಕು. ಮಣಿ, ಗುಂಡಿ, ಜರಿದಾರವೂ ಬೇಡ. ನುಂಗಿದ ದಾರ ಕರುಳನ್ನು ನೆರಿಗೆ ಹಿಡಿದಂತೆ ಸುಕ್ಕುಗಟ್ಟಿಸಿ, ಆಪರೇಷನ್ ಮಾಡಿದರೂ ನಾಯಿ ಉಳಿಯದಂತೆ ಮಾಡಬಲ್ಲದು. ತಲೆಗೆ ಹಚ್ಚುವ ಬಣ್ಣ, ಕಪ್ಪು ಮೆಹಂದಿ ಸುತರಾಂ ಬೇಡ. ಜಡೆ ಎರಡು ಮೂರು ತಾಸಿಗೆ ಸಾಕು. ಮಲಗುವ ಮೊದಲು ಬಿಚ್ಚಲೇಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನಾಯಿಯ ಮಾತು. ಅದು ಕಚ್ಚುವ ಮೊದಲು ಬಹಳಷ್ಟು ಹೇಳಿರುತ್ತದೆ. ಮುಖ ಆಚೆ ತಿರುಗಿಸುತ್ತದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುತ್ತದೆ, ಮೈ ಕಲ್ಲಾಗಿಸುತ್ತದೆ, ಆಮೇಲೆ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಮುಂದಿನ ಸಲ ಅದು ಗುರ್ ಎನ್ನದೆ ನೇರ ಕಚ್ಚುತ್ತದೆ. ಮೂರು ದಿನದಿಂದ ರಾಣಿ ತಲೆ ಕೊಡವುತ್ತಿದ್ದುದನ್ನು, ಕಿವಿಯನ್ನು ನೆಲಕ್ಕೆ ಉಜ್ಜುತ್ತಿದ್ದುದನ್ನು ಮನೆಯವರೆಲ್ಲ ನೋಡಿದ್ದರು. “ಜಡೀ ಹಾಕಿದ್ದಕ್ಕ ಕುಣೀಲತ್ತದ ಅಂತ ನಕ್ಕೆವ್ರಿ ಕಾಕಾ” ಎಂದು ಹುಡುಗಿ ಆಮೇಲೆ ಹೇಳಿದಳು. ಹೇಳುವಾಗ ಕೈಯ ಗಾಯಕ್ಕಿಂತ ಅದೇ ಅವಳನ್ನು ಹೆಚ್ಚು ನೋಯಿಸಿದಂತಿತ್ತು.

ಪಾಲಕರಿಗೆ ಒಂದು ಮಾತು ಬಿಸಿಲಿನ ಬಗ್ಗೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಊರುಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಬೆವರು ಅಂಗಾಲಿನಲ್ಲಿ ಮಾತ್ರ. ಉಳಿದದ್ದೆಲ್ಲ ನಾಲಿಗೆ ಚಾಚಿ ಏದುವುದರಿಂದ ಆಗಬೇಕು. ಶಿ ತ್ಸುವಿನಂಥ ಚಪ್ಪಟೆ ಮೂಗಿನ ನಾಯಿಗೆ ಅದೂ ಕಷ್ಟ. ಹಾಗೆಂದು ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲು ಚರ್ಮವನ್ನು ಸುಡುತ್ತದೆ. ಎರಡು ಪದರದ ಪೊಮೆರೇನಿಯನ್ನಿಗೆ ಬೋಳಿಸಿದ ಕೂದಲು ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದೇ ಇಲ್ಲ. ಶಿ ತ್ಸುವಿಗೆ ಬೇಸಿಗೆಯಲ್ಲಿ ಒಂದಂಗುಲ ಉಳಿಸಿ ಕತ್ತರಿಸುವುದು, ಪೊಮೆರೇನಿಯನ್ನಿಗೆ ದಿನವೂ ಬಾಚಿ ಸತ್ತ ಕೂದಲು ತೆಗೆಯುವುದು ಒಳ್ಳೆಯದು. ಗಂಟಿಲ್ಲದ ಕೂದಲಿನಲ್ಲಿ ಗಾಳಿ ಆಡುತ್ತದೆ, ಗಂಟುಗಟ್ಟಿದ ಕೂದಲಿನ ಅಡಿ ಬೆವೆ ನಿಂತು ಹುಣ್ಣಾಗುತ್ತದೆ. ಇನ್ನು, ಇಂಥ ನಾಯಿಯನ್ನು ತರುವ ಮೊದಲೇ ದಿನಕ್ಕೆ ಹದಿನೈದು ನಿಮಿಷ ಬಾಚುವವರು ಮನೆಯಲ್ಲಿ ಯಾರು ಎಂದು ಕೇಳಿಕೊಳ್ಳಬೇಕು. ಹುಟ್ಟುಹಬ್ಬದ ಕಾಣಿಕೆ ತಂದ ಮಾವ ರಾತ್ರಿ ಗಾಡಿಗೆ ಹೊರಟುಹೋಗುತ್ತಾನೆ. ನಾಯಿ ಹತ್ತು-ಹದಿನೈದು ವರ್ಷ ಇರುತ್ತದೆ. ಅದೇ ಹುಡುಗಿ ಅಷ್ಟರೊಳಗೆ ಕಾಲೇಜಿಗೆಂದು ಕಲಬುರಗಿಗೋ ಬೆಂಗಳೂರಿಗೋ ಹೋಗಿರುತ್ತಾಳೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಿಯಮ ಹೇಳುತ್ತದೆ. ಕೊಳ್ಳುವವರೂ ಅದನ್ನು ಕೇಳಬೇಕು.

ರಾಣಿಯ ಕಿವಿಯಂಚಿನಿಂದ ಜೋಳದ ಕಾಳಿನಷ್ಟು ಒಣಗಿ ಉದುರಿತು. ಉಳಿದ ಕಿವಿ ಉಳಿಯಿತು. ಹುಡುಗಿಯ ನಾಲ್ಕೂ ಸೂಜಿ ಮುಗಿದವು. ಹತ್ತು ದಿನ ನಾಯಿಗೇನೂ ಆಗಲಿಲ್ಲ. ಆದರೆ ಹಣಿಗಿ ಕಂಡರೆ ಮಂಚದ ಕೆಳಗೆ ಓಡುವುದು ನಿಲ್ಲಲಿಲ್ಲ. ವೈದ್ಯರು ಹೇಳಿದಂತೆ ಮೊದಲ ವಾರ ಹಣಿಗಿಯನ್ನು ನೆಲದ ಮೇಲೆ ಇಟ್ಟು, ಪಕ್ಕದಲ್ಲಿ ರೊಟ್ಟಿಯ ಚೂರು ಹಾಕಿದರು, ಅಷ್ಟೇ. ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಕೊಡಲು ಅಜ್ಜಿ ಹೊರಟಿದ್ದರಂತೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ಕೇಡು, ಒಣ ದ್ರಾಕ್ಷಿಯೂ ಬೇಡ ಎಂದು ತಡೆದೆ. ಎರಡನೆಯ ವಾರ ಹಣಿಗಿಯ ಹಿಂಬದಿಯಿಂದ ಬೆನ್ನು ಸವರಿದರು. ಮೂರನೆಯ ವಾರ ಎರಡು ನಿಮಿಷ ಬಾಚಿದರು. ನಾಯಿ ಎದ್ದು ಹೋದರೆ ಹೋಗಲು ಬಿಡಬೇಕು ಎಂಬುದು ಕಟ್ಟಳೆ.

ಶ್ರಾವಣದ ಒಂದು ಸಂಜೆ ಕಾಂಪೌಂಡಿನ ಆಚೆ ನೋಡಿದೆ. ಮಳೆ ನಿಂತು ಕಲ್ಲುಹಾಸು ತಂಪಾಗಿತ್ತು. ಕಟ್ಟೆಯ ಮೇಲೆ ಹುಡುಗಿಯ ಅಪ್ಪ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ರಾಣಿಯನ್ನು ಮಲಗಿಸಿಕೊಂಡು ಕಂಕುಳ ಕೂದಲು ಬಿಡಿಸುತ್ತಿದ್ದರು. ಹುಡುಗಿ ಎದುರಿಗೆ ಕೂತು ನೆತ್ತಿಯ ಕೂದಲಿಗೆ ಬೆರಳುದ್ದದ ಜಡೆ ಹೆಣೆಯುತ್ತಿದ್ದಳು.

“ಬಿಗಿ ಮಾಡಬ್ಯಾಡವಾ” ಎಂದರು ಅಪ್ಪ.

“ಇಲ್ಲಪ್ಪಾ, ಕಣ್ಣು ಮುಚ್ಲತ್ತದ ನೋಡು.”

ರಾಣಿ ಕಣ್ಣು ಮುಚ್ಚಿ ನಿದ್ದೆ ಹೋಗಿತ್ತು.